ನಾಲ್ಕನೆಯ ಒಗಟಿಗೆ ದೇವಿಕಾ ಬರೆದ ಉತ್ತರ

ರಾಯಚೂರು
3 ನವೆಂಬರ್ 2024, ಭಾನುವಾರ

ಹಿರಿಯರಾದ ಕನಕಪ್ಪನವರಿಗೆ,

ನಿಮ್ಮ ಮೊಮ್ಮಗಳು ದೇವಿಕಾಳ ಮಿಸ್ ವೇದಶ್ರೀ ಮಾಡುವ ನಮಸ್ಕಾರಗಳು. ಇಷ್ಟು ಬರೆಯುವುದರೊಳಗೆ ಪೆನ್ನು ನಿಂತುಬಿಟ್ಟಿತು ನೋಡಿ. 'ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುತ್ತಿರಿ' ಎಂದು ಶುರು ಮಾಡುವುದು ನನ್ನ ಚಿಕ್ಕಂದಿನ ರೂಢಿ. ತೀರಿಕೊಂಡು ಏಳು ತಿಂಗಳಾದವರಿಗೆ ಅದನ್ನು ಹೇಗೆ ಬರೆಯಲಿ? ಹೆಸರಿನ ಹಿಂದೆ ಶ್ರೀ ಹಾಕಲೋ ದಿವಂಗತ ಹಾಕಲೋ ತಿಳಿಯದೆ ಎರಡು ಹಾಳೆ ಹರಿದೆ. ದಿವಂಗತ ಎಂದು ಮುಖಕ್ಕೇ ಹೇಳಿದಂತೆ ಬರೆದರೆ ಯಾರಿಗಾದರೂ ಬೇಸರವಾದೀತು. ಕೊನೆಗೆ ಹಿರಿಯರು ಎಂದೆ. ಆ ಮಾತು ಬದುಕಿರುವವರಿಗೂ ನಡೆಯುತ್ತದೆ, ಹೋದವರಿಗೂ ನಡೆಯುತ್ತದೆ. ನೀವು ಎರಡರಲ್ಲಿ ಯಾವ ಕಡೆ ಎಂಬುದೇ ಈಗ ನನಗೆ ಸರಿಯಾಗಿ ಗೊತ್ತಾಗುತ್ತಿಲ್ಲ.

ನಿಮಗೆ ಓದಲು ಬರುತ್ತಿರಲಿಲ್ಲವಂತೆ. ಓದಿ ಹೇಳುವ ಕೆಲಸವನ್ನು ದೇವಿಕಾ ಒಪ್ಪಿಕೊಂಡಿದ್ದಾಳೆ. ಒತ್ತಕ್ಷರ ಬಂದ ಕಡೆ ತಡವರಿಸುತ್ತಾಳೆ, ಸ್ವಲ್ಪ ತಾಳಿಕೊಳ್ಳಿ. ಎರಡನೆಯ ತರಗತಿಗೆ ಅಷ್ಟು ಬಂದರೆ ಹೆಚ್ಚೇ.

ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ಆದರೂ ಹೋದ ಸೋಮವಾರ ಮೂವತ್ತೆರಡು ಮಕ್ಕಳ ಎದುರು ನಾನು ನಿಮ್ಮನ್ನು ದೆವ್ವ ಅಂದುಬಿಟ್ಟೆ. ಹೇಗೆ ಅಂದೆ, ಯಾಕೆ ಅಂದೆ ಎಂಬುದನ್ನು ನಿಮಗೇ ಹೇಳಬೇಕು. ಬೇರೆಯವರಿಗೆ ಹೇಳಿದರೆ ನಗುತ್ತಾರೆ. ನೀವು ನಗುತ್ತೀರೋ ಇಲ್ಲವೋ ನೋಡೋಣ.

ನಮ್ಮದು ರಾಯಚೂರಿನಲ್ಲೊಂದು ಸಣ್ಣ ಇಂಗ್ಲಿಷ್ ಶಾಲೆ. ನಮ್ಮ ಹೆಡ್ ಮಿಸ್ ಹಸೀನಾ ಬೇಗಂ ಅವರು ಅಕ್ಟೋಬರ್ ಕೊನೆಗೆ ನಮ್ಮನ್ನೆಲ್ಲ ಕರೆದು, "ಈ ವರ್ಷ ಹ್ಯಾಲೋವೀನ್ ಮಾಡಬೇಕ್ರಿ. ಹೈದರಾಬಾದಿನ ಶಾಲಿಯೊಳಗ ಎಲ್ಲಾ ಮಾಡಾಕತ್ತಾರ. ಪೇರೆಂಟ್ಸು ಫೋಟೊ ನೋಡಿ ನಮಗ ಕೇಳ್ತಾರ. ಸಣ್ಣ ಮಕ್ಕಳಿಗೆ ಅಂಜಿಕಿ ಬರಬಾರದು, ಬರೇ ಮಜಾ ಇರಬೇಕು" ಎಂದರು. ಅದು ಪರದೇಶದ ಹಬ್ಬ. ಅಲ್ಲಿಯ ಮಕ್ಕಳು ದೆವ್ವದ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರಂತೆ. ಹಬ್ಬದ ದಿನ ಮೂವತ್ತೊಂದನೆಯ ತಾರೀಖು. ಅವತ್ತು ನಮಗೆ ನರಕ ಚತುರ್ದಶಿಯ ರಜೆ. ಹಾಗಾಗಿ ದೆವ್ವಗಳನ್ನು ಮೂರು ದಿನ ಮೊದಲೇ ಕರೆಸಿಕೊಂಡೆವು.

ನಮ್ಮ ಜವಾನ ತಾಯಣ್ಣ ಬಂದು, "ಹ್ಯಾಲೋವೀನ್ ಅಂದ್ರ ಯಾರ ಜಯಂತಿ ರೀ ಮೇಡಂ?" ಎಂದು ಕೇಳಿದ. ಅವನ ತಪ್ಪೇನಿಲ್ಲ. ಇಪ್ಪತ್ತು ವರ್ಷದಿಂದ ಅವನ ಪಾಲಿಗೆ ಶಾಲೆಯ ಕಾರ್ಯಕ್ರಮ ಎಂದರೆ ಒಂದು ಮೇಜು, ಮೇಜಿನ ಮೇಲೊಂದು ಫೋಟೊ, ಒಂದು ಹಾರ, ಒಂದು ತೆಂಗಿನಕಾಯಿ. ನಾನು ಗಡಿಬಿಡಿಯಲ್ಲಿ, "ಜಯಂತಿ ಅಲ್ಲೋ, ಹಂಗ ಒಂದು ಕಾರ್ಯಕ್ರಮ" ಎಂದೆ. ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ, ಹಸೀನಾ ಬೇಗಂ ಅವರು ರಟ್ಟಿನಲ್ಲಿ ಕತ್ತರಿಸಿ ತಂದಿದ್ದ ಹಲ್ಲು ಕಿರಿಯುವ ಕುಂಬಳಕಾಯಿಯನ್ನು ತಾಯಣ್ಣ ಮೇಜಿನ ಮೇಲೆ ನಿಲ್ಲಿಸಿ, ಚೆಂಡುಹೂವಿನ ಹಾರ ಹಾಕಿ, ಊದುಬತ್ತಿ ಹಚ್ಚಿ, ಕಾಯಿ ಒಡೆದಿದ್ದ. ಮಕ್ಕಳೆಲ್ಲ ಸಾಲಾಗಿ ಕೈಮುಗಿದು ಕೊಬ್ಬರಿ ತಿಂದು ಒಳಗೆ ಬಂದರು. ನಾನೂ ಒಂದು ಚೂರು ತಿಂದೆ.

ನನ್ನ ತರಗತಿಯ ಪಾಲಿಗೆ ಬಂದದ್ದು ಒಗಟುಗಳು. ಹಸೀನಾ ಬೇಗಂ ಮೊಬೈಲಿನಿಂದ ತೆಗೆಸಿ ಕೊಟ್ಟ ಒಂದು ಹಾಳೆ, ಅದರ ಬೆನ್ನಿಗೆ ಸರಿಯುತ್ತರಗಳ ಪಟ್ಟಿ. ಇಂಗ್ಲಿಷಿನಲ್ಲಿದ್ದ ಒಗಟನ್ನು ನಾನು ಕನ್ನಡ ಮಾಡಿ ಹೇಳುವುದು, ಮಕ್ಕಳು ಬಾಯಲ್ಲಿ ಹೇಳಿ ಆಮೇಲೆ ಹಾಳೆಯಲ್ಲಿ ಬರೆಯುವುದು. 'ಹೊಟ್ಟೆಯೊಳಗೆ ದೀಪ, ಮುಖದ ತುಂಬ ನಗು, ನಾನು ಯಾರು?' ಎಂದು ಕೇಳಿದೆ. ಪಟ್ಟಿಯಲ್ಲಿದ್ದದ್ದು ಕುಂಬಳಕಾಯಿ. ಇಡೀ ತರಗತಿ ಒಂದೇ ಬಾಯಲ್ಲಿ "ಆಕಾಶಬುಟ್ಟಿ!" ಎಂದು ಕೂಗಿತು. 'ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ತಿರುಗಾಟ' ಎಂದೆ. ಬಾವಲಿ ಎನ್ನಬೇಕಿತ್ತು. ಒಬ್ಬಳು ಎದ್ದು, "ನಮ್ಮ ಕಾಕಾ ರೀ ಮಿಸ್" ಎಂದಳು. 'ಮೈಮೇಲೆ ಮಾಂಸವಿಲ್ಲ, ಬರೀ ಎಲುಬು' ಎಂದಾಗ ಅಸ್ಥಿಪಂಜರದ ಬದಲು ನಮ್ಮ ಪಿ.ಟಿ. ಮಾಸ್ತರರ ಹೆಸರು ಬಂತು. ನಗು ತಡೆದುಕೊಂಡು ಎಲ್ಲದಕ್ಕೂ ತಪ್ಪು ತಪ್ಪು ಎನ್ನುತ್ತಾ ಹೋದೆ. ಪಟ್ಟಿ ಕೈಯಲ್ಲಿದ್ದರೆ ನಾನು ಹಾಗೆಯೇ.

ನಾಲ್ಕನೆಯ ಒಗಟು ಹೀಗಿತ್ತು: 'ಬಿಳಿ ಬಟ್ಟೆ ನನ್ನ ಉಡುಪು, ಹೆಜ್ಜೆಯ ಸಪ್ಪಳ ನನಗಿಲ್ಲ, ಮುಚ್ಚಿದ ಬಾಗಿಲು ನನಗೆ ಅಡ್ಡಿಯಲ್ಲ, ವರ್ಷಕ್ಕೊಮ್ಮೆ ನಿಮ್ಮ ಮನೆಗೆ ಬರುವೆ. ನಾನು ಯಾರು?'

ದೇವಿಕಾ ತಾನಾಗಿ ಕೈ ಎತ್ತುವ ಹುಡುಗಿಯಲ್ಲ. ಅವತ್ತು ಬೆಂಚಿನ ಮೇಲೆಯೇ ಎದ್ದು ನಿಂತಳು. "ನಮ್ಮಜ್ಜ ರೀ ಮಿಸ್! ನಮ್ಮ ಕನಕಪ್ಪಜ್ಜ!" ಎಂದಳು. ಹಾಳೆಯಲ್ಲೂ ಇಂಗ್ಲಿಷ್ ಅಕ್ಷರದಲ್ಲಿ 'ಮೈ ಅಜ್ಜ' ಎಂದು ದಪ್ಪಗೆ ಬರೆದಳು. ಆ ಮುಖದ ಸಂತೋಷ ಈಗಲೂ ಕಣ್ಣ ಮುಂದಿದೆ. ನಾನು ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು, "ತಪ್ಪು. ಸರಿಯುತ್ತರ, ದೆವ್ವ" ಎಂದೆ.

ಮಕ್ಕಳು ಹೋ ಎಂದು ನಕ್ಕರು. ದೇವಿಕಾ ನಗಲಿಲ್ಲ. "ಹಂಗಾರ ನಮ್ಮಜ್ಜ ದೆವ್ವ ಆಗ್ಯಾನೇನ್ರಿ?" ಎಂದು ಕೇಳಿದಳು. ನನ್ನ ಕಣ್ಣು ಆಗಲೇ ಐದನೆಯ ಒಗಟಿನ ಮೇಲಿತ್ತು. "ಸತ್ತವರು ತಿರುಗಿ ಬಂದ್ರ ದೆವ್ವ ಅಂತನ ಅರ್ಥ. ಕೂಡು" ಎಂದೆ. ಅವಳು ಕೂತಳು. ಕನಕಪ್ಪನವರೇ, ನನ್ನ ತಪ್ಪು ಇಷ್ಟೇ, ಆದರೆ ಇದಕ್ಕಿಂತ ದೊಡ್ಡ ತಪ್ಪನ್ನು ಹನ್ನೊಂದು ವರ್ಷದ ನೌಕರಿಯಲ್ಲಿ ನಾನು ಮಾಡಿದಂತಿಲ್ಲ.

ಮಂಗಳವಾರ ದೇವಿಕಾ ಶಾಲೆಗೆ ಬರಲಿಲ್ಲ. ಬುಧವಾರ ನಿಮ್ಮ ಹೆಂಡತಿ ಬೂದೆಮ್ಮನವರು ಅವಳ ಕೈ ಹಿಡಿದುಕೊಂಡು ನೇರವಾಗಿ ತರಗತಿಯ ಬಾಗಿಲಿಗೇ ಬಂದರು. ಸುದ್ದಿ ಕೇಳಿ ನಿಮ್ಮೂರು ಕುರ್ಡಿಯಿಂದ ಬೆಳಗಿನ ಬಸ್ಸಿಗೇ ಹೊರಟಿದ್ದರಂತೆ. "ಏನ್ರಿ ಮೇಡಮ್ಮಾರ, ನಮ್ಮ ಮುದುಕ ದೆವ್ವ ಆಗ್ಯಾನಂತ ನೀವು ಹೇಳಿದ್ರಂತ?" ಎಂದರು. ನಾನು ಬಾಯಿ ತೆರೆಯುವುದರೊಳಗೆ ಅವರೇ ಮುಂದುವರಿಸಿದರು. "ಬದುಕಿದ್ದಾಗ ನಾನೂ ಅವಗ ಹಂಗ ಬೈತಿದ್ದೆ. ನಾ ಬೈಬೌದು. ನೀವು ಬೈಬಾರ್ದು."

ಆಮೇಲೆ ವರಾಂಡದಲ್ಲಿ ಕೂತು ಅವರು ಹೇಳಿದ್ದನ್ನು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ. ದೀಪಾವಳಿ ಅಮಾವಾಸ್ಯೆಗೆ ನಿಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಕಂಬಳಿ ಹಾಸಿ, ಹೊಸ ಬಿಳಿ ಧೋತ್ರ ಇಟ್ಟು, ಹೋದವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಬಡಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಹೊಸ್ತಿಲ ಹೊರಗೆ ನಿಂತು ಒಬ್ಬರು ಹೆಸರು ಹಿಡಿದು ಕರೆಯುತ್ತಾರೆ. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಕಾದು ಬಾಗಿಲು ತೆರೆಯುತ್ತಾರೆ. ಬಿಳಿ ಬಟ್ಟೆ, ಸಪ್ಪಳವಿಲ್ಲದ ಹೆಜ್ಜೆ, ಮುಚ್ಚಿದ ಬಾಗಿಲು, ವರ್ಷಕ್ಕೊಮ್ಮೆ. ನಾಲ್ಕಕ್ಕೆ ನಾಲ್ಕೂ ಹೊಂದುತ್ತಿದ್ದವು. ಇಡೀ ತರಗತಿಯಲ್ಲಿ ಒಗಟನ್ನು ಪೂರ್ತಿ ಕೇಳಿಸಿಕೊಂಡು ಯೋಚಿಸಿ ಉತ್ತರ ಬರೆದವಳು ನಿಮ್ಮ ಮೊಮ್ಮಗಳೊಬ್ಬಳೇ.

"ಇದು ಅವನ ಮೊದಲ್ನೇ ಎಡಿ ರೀ" ಎಂದರು ಬೂದೆಮ್ಮ. "ಹಾಸಿಗಿ ಹಿಡದಾಗ ಈಕಿ ಅಳಾಕತ್ತಿದ್ಲು. ಅಳಬ್ಯಾಡ, ಅಮಾಸಿಗೆ ಬರ್ತೀನಿ, ನೀ ಕರಿಬೇಕು ನೋಡು, ನೀ ಕರದ್ರಷ್ಟ ಬರ್ತೀನಿ ಅಂತ ಮಾತು ಕೊಟ್ಟು ಹ್ವಾದ. ಏಳು ತಿಂಗಳಿಂದ ಈಕಿ ದಿನಾ ಎಣಿಸ್ಯಾಳ. ಈಗ ನೋಡಿದ್ರ ಕರಿಯಂಗಿಲ್ಲ ಅಂತಾಳ. ಬಾಗಲಾ ತಗದ್ರ ಒಳಗ ದೆವ್ವ ಕುಂತಿರ್ತದಂತ." ಕೊನೆಗೆ ದನಿ ಇಳಿಸಿ ಹೇಳಿದರು: "ಬ್ಯಾರೇರು ಕರದ್ರ ಅಂವ ಬರಂಗಿಲ್ರಿ. ಹಟಮಾರಿ. ಹಸದುಕೊಂಡ ಹೊರಗ ನಿಂದ್ರತಾನ."

ದೇವಿಕಾಳನ್ನು ಪಕ್ಕಕ್ಕೆ ಕರೆದು, "ನಾ ಸುಮ್ನ ಅಂದೆವಾ, ನಿಮ್ಮಜ್ಜ ದೆವ್ವ ಅಲ್ಲ" ಎಂದೆ. ಅವಳು ನನ್ನನ್ನು ನೋಡದೆ, "ನನಗಲ್ಲ, ನಮ್ಮಜ್ಜಗ ಹೇಳ್ರಿ. ಅಮಾಸಿಗೆ ಬಂದು ಹೇಳ್ರಿ" ಎಂದಳು. ಏಳು ವರ್ಷದ ಹುಡುಗಿ ಹಾಕಿದ ಆ ಷರತ್ತಿಗೆ ನಾನು ಆಗಲಿ ಎಂದೆ.

ಮನೆಗೆ ಬಂದರೂ ತಲೆ ಕಲಸಿದ ಅವಲಕ್ಕಿಯಾಗಿತ್ತು. ನನ್ನ ಜೊತೆಯಲ್ಲಿರುವ ನಮ್ಮಮ್ಮ ಅಹಲ್ಯಾಬಾಯಿ ಅಕ್ಕಿ ಆರಿಸುತ್ತಾ ಕೂತಿದ್ದರು. "ಅಮ್ಮ, ಶ್ರಾದ್ಧಕ್ಕ ಬರೋ ಪಿತೃಗಳಿಗೂ ದೆವ್ವಕ್ಕೂ ಏನು ಫರಕು?" ಎಂದು ಕೇಳಿದೆ. "ಅದು ಬ್ಯಾರೆ, ಇದು ಬ್ಯಾರೆ" ಎಂದರು. "ಹೆಂಗ ಬ್ಯಾರೆ?" ಎಂದೆ. "ಬ್ಯಾರೆ ಅಂದ್ರ ಬ್ಯಾರೆ. ಕೈ ಖಾಲಿ ಅದ ಅಂದ್ರ ಅಕ್ಕಿ ಆರಿಸು" ಎಂದರು. ಆರಿಸಿದೆ. ನುಚ್ಚು ಯಾವುದು, ಕಲ್ಲು ಯಾವುದು ಎಂಬುದೇ ಅವತ್ತು ನನಗೆ ಗೊತ್ತಾಗುತ್ತಿರಲಿಲ್ಲ.

ಒಂದು ವಿಷಯ ನಿಮಗೆ ಹೇಳಬೇಕು. ನಮ್ಮಪ್ಪ ಶೇಷಗಿರಿ ಮಾಸ್ತರರು ಹೋಗಿ ಆರು ವರ್ಷವಾಯಿತು. ದೇವದುರ್ಗದಲ್ಲಿ ಕನ್ನಡ ಶಾಲೆಯ ನೌಕರಿ, ಮಾನ್ವಿಯಲ್ಲಿ ಮನೆ. ಶನಿವಾರ ನಾನು ಮಲಗಿದ ಮೇಲೆ ಬರುತ್ತಿದ್ದರು, ಸೋಮವಾರ ನಾನು ಏಳುವ ಮೊದಲೇ ಹೋಗಿಬಿಡುತ್ತಿದ್ದರು. ನಡುವಿನ ಒಂದು ದಿನವೆಲ್ಲ ಒಗಟು. ಒಗಟೆಂದರೆ ಅವರಿಗೆ ಪ್ರಾಣ. ಒಮ್ಮೆ ಊಟಕ್ಕೆ ಕೂತಾಗ, "ಬಂದದ್ದು ಗೊತ್ತಾಗೂದಿಲ್ಲ, ಹೋದದ್ದು ಗೊತ್ತಾಗ್ತದ. ಏನದು?" ಎಂದು ಕೇಳಿದರು. ಅವರ ಮನಸ್ಸಿನಲ್ಲಿದ್ದದ್ದು ನಿದ್ದೆ. ನಾನು, "ನೀವು!" ಎಂದೆ. ಅವರು ಕೈಯಲ್ಲಿದ್ದ ತುತ್ತನ್ನು ನನ್ನ ಬಾಯಿಗಿಟ್ಟರು. ಆಮೇಲೆ, "ಅದೂ ಆಗ್ತದ" ಎಂದರು. ನಾನು ಎಂಥ ಉತ್ತರ ಕೊಟ್ಟರೂ ಅವರು ತಪ್ಪು ಎಂದದ್ದು ನನಗೆ ನೆನಪಿಲ್ಲ. ಯಾವಾಗಲೂ ಅದೇ ಮಾತು, ಅದೂ ಆಗ್ತದ. ಅಂಥವರ ಮಗಳು ನಾನು, ಕೈಯಲ್ಲಿ ಕೆಂಪು ಪೆನ್ನು.

ಅವರ ಶ್ರಾದ್ಧವನ್ನು ಪ್ರತಿ ವರ್ಷ ಮಾನ್ವಿಯಲ್ಲಿ ನಮ್ಮಣ್ಣ ವಿಬುಧೇಂದ್ರ ಮಾಡುತ್ತಾನೆ. ಆಚಾರ್ಯರು ಮಂತ್ರ ಹೇಳುತ್ತಾರೆ, ಅವನು ಹೆಸರು ಗೋತ್ರ ಹೇಳಿ ಕರೆಯುತ್ತಾನೆ. ನಾವು ಹೆಂಗಸರು ಒಳಗೆ ಮಡಿಯಲ್ಲಿ ಅಡುಗೆ ಮಾಡುತ್ತಿರುತ್ತೇವೆ. ಒಲೆಯ ಮುಂದೆ ನಿಂತು ಆ ಹೆಸರು ಕೇಳಿಸಿಕೊಳ್ಳುತ್ತೇನೆ. ನಾನು ಕರೆದದ್ದಿಲ್ಲ. ಕರೆಯಬೇಕೆಂದು ಯಾರೂ ಹೇಳಲಿಲ್ಲ, ಕರೆಯಲೇ ಎಂದು ನಾನೂ ಕೇಳಲಿಲ್ಲ.

ಶುಕ್ರವಾರ ಅಮಾವಾಸ್ಯೆ, ಅವತ್ತೇ ರಾಜ್ಯೋತ್ಸವ. ಬೆಳಿಗ್ಗೆ ಶಾಲೆಯಲ್ಲಿ ಧ್ವಜ ಹಾರಿಸಿದೆವು. ಕೆಂಪು ಹಳದಿ ಕಾಗದದ ಪಟಪಟಿಗಳ ನಡುವೆ ಒಂದು ರಟ್ಟಿನ ಕುಂಬಳಕಾಯಿ ಇನ್ನೂ ಹಲ್ಲು ಕಿರಿಯುತ್ತಾ ನೇತಾಡುತ್ತಿತ್ತು. ಮನೆಗೆ ಬಂದು, ಕುರ್ಡಿಗೆ ಹೋಗಿಬರುತ್ತೇನೆ ಎಂದಾಗ ಅಮ್ಮ, "ಲಕ್ಷ್ಮೀಪೂಜಿ ದಿನ ಎಲ್ಲಿಗೆ ಹೊಂಟಿ?" ಎಂದು ಗದರಿದರು. ಎಲ್ಲವನ್ನೂ ಹೇಳಿದೆ. ಒಳಗೆ ಹೋಗಿ ಒಂದು ಡಬ್ಬಿ ರವೆ ಉಂಡೆ ತಂದು ಚೀಲದಲ್ಲಿಟ್ಟರು. "ಯಾರ ಮನಿಗೂ ಬರಿಗೈಲೆ ಹೋಗಬಾರ್ದು" ಎಂದರು. ರವೆ ಉಂಡೆ ನಮ್ಮಪ್ಪನಿಗೆ ಇಷ್ಟ. ಅದು ಅಮ್ಮನ ಮನಸ್ಸಿನಲ್ಲಿತ್ತೋ, ಮನೆಯಲ್ಲಿದ್ದದ್ದೇ ಅದೊಂದೋ, ನಾನು ಕೇಳಲಿಲ್ಲ.

ಮಾನ್ವಿಯ ಬಸ್ಸಿನಿಂದ ನಿಮ್ಮೂರ ಕ್ರಾಸಿನಲ್ಲಿ ಇಳಿದಾಗ ನಿಮ್ಮ ಮಗ ಕನಕರಾಜ ಗಾಡಿ ತಂದು ಕಾಯುತ್ತಿದ್ದರು. ನಿಮ್ಮ ಮನೆಯ ಒಳಗಿನ ಸಂಗತಿ ನಿಮಗೆ ಹೇಳಬೇಕಿಲ್ಲ, ನೀವೇ ನೋಡಿರುತ್ತೀರಿ, ಬಂದಿದ್ದರೆ. ಹೋಳಿಗೆ, ಕಡಬು, ಜೋಳದ ರೊಟ್ಟಿ, ಪುಂಡಿಪಲ್ಯ, ಲೋಟದ ತುಂಬ ಚಹಾ, ಒಂದು ಕಟ್ಟು ಬೀಡಿ. ಬೂದೆಮ್ಮನವರು ನಾನು ತಂದ ರವೆ ಉಂಡೆಯನ್ನೂ ಎಡೆಗೇ ಇಟ್ಟರು. ಆದರೆ ಬಾಗಿಲ ಹೊರಗೆ ನಡೆದದ್ದು ನಿಮಗೆ ಗೊತ್ತಿರಲಾರದು. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಬಾಗಿಲು ಎಳೆದುಕೊಂಡಾಯಿತು. ದೇವಿಕಾ ಹೊಸ್ತಿಲಿಂದ ಮೂರು ಮಾರು ದೂರ, ಕಟ್ಟೆಗೆ ಒತ್ತಿಕೊಂಡು ನಿಂತಿದ್ದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನಾನು ಬಾಗಿಲಿಗೆ ಮುಖ ಮಾಡಿ ಕೈಮುಗಿದು, "ಕನಕಪ್ಪನವರ, ನಾ ಅಂದದ್ದು ತಪ್ಪಾತ್ರಿ. ನೀವು ದೆವ್ವ ಅಲ್ರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಓಣಿಯ ಎರಡು ಮನೆಯವರು ಹೊರಗೆ ಬಂದು ನೋಡಿದರು. ದೇವಿಕಾಳಿಗೆ ಅಷ್ಟು ಸಾಲದು. "ಮತ್ತ ಕೆಂಪು ಪೆನ್ನಿಲೆ ಗೀಟು ಹಾಕೀರಲ್ಲ?" ಎಂದಳು. ಹಾಳೆ ನನ್ನ ಚೀಲದಲ್ಲೇ ಇತ್ತು. ಕಟ್ಟೆಯ ಮೇಲೆ ಕೂತು, ನನ್ನ ಅಡ್ಡಗೆರೆಯನ್ನು ಹೊಡೆದುಹಾಕಿ, ಅದೇ ಕೆಂಪು ಪೆನ್ನಿನಿಂದ ದೊಡ್ಡದಾಗಿ ಸರಿ ಗುರುತು ಹಾಕಿ ಸಹಿ ಮಾಡಿದೆ. ಅವಳು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆದರೂ ಬಾಗಿಲ ಕಡೆ ಹೋಗಲಿಲ್ಲ.

"ಮಿಸ್, ನಿಮ್ಮಪ್ಪ ಅದಾರೇನ್ರಿ?" ಎಂದಳು. ಇಲ್ಲ, ಹೋಗಿ ಆರು ವರ್ಷವಾಯಿತು ಎಂದೆ. "ವರ್ಷಕ್ಕೊಮ್ಮಿ ಬರ್ತಾರೇನು?" ಗೊತ್ತಿಲ್ಲ ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನೀವು ಕರಿಯಂಗಿಲ್ಲೇನು?" ಕರೆದಿಲ್ಲ ಎಂದೆ. ಅವಳಿಗೆ ನನ್ನ ಮೇಲೆ ಕನಿಕರವೇ ಬಂದಿರಬೇಕು. "ಕರೀಲಾರ್ದ ಹೆಂಗ ಬರ್ತಾರ್ರಿ? ಈಗ ಕರೀರಿ. ನಿಮಗ ಅಂಜಿಕಿ ಬರಲಿಲ್ಲಂದ್ರ ನಾನೂ ಕರೀತೀನಿ" ಎಂದು ನನ್ನ ಕೈ ಹಿಡಿದು ಹೊಸ್ತಿಲಿಗೆ ಎಳೆದುಕೊಂಡು ಹೋದಳು.

ನಾನು ನಿಮ್ಮ ಬಾಗಿಲ ಮುಂದೆ ನಿಂತೆ. ಯಾರದೋ ಮನೆ, ಯಾರದೋ ಎಡೆ. ಮಂತ್ರವಿಲ್ಲ, ಗೋತ್ರವಿಲ್ಲ. "ಅಪ್ಪಾ" ಎಂದೆ. ಆ ಮಾತನ್ನು ಆರು ವರ್ಷದಿಂದ ಕರೆಯುವಂತೆ ಅಂದಿರಲಿಲ್ಲ, ಇನ್ನೊಬ್ಬರಿಗೆ ಹೇಳುವಂತೆ ಮಾತ್ರ ಅಂದಿದ್ದೆ. ಇನ್ನೊಮ್ಮೆ ಕರೆದೆ. ಅಳು ಬಂತು, ಅತ್ತೆ. ಅಂಜಿಕೆ ಮಾತ್ರ ಬರಲಿಲ್ಲ. ದೇವಿಕಾ ನನ್ನ ಮುಖವನ್ನೇ ನೋಡುತ್ತಿದ್ದಳು. ನೋಡಿ ನೋಡಿ ಆಮೇಲೆ ಬಾಗಿಲ ಸಂದಿಗೆ ಬಾಯಿಟ್ಟು, ಇಡೀ ಓಣಿಗೆ ಕೇಳುವಂತೆ ಕೂಗಿದಳು: "ಯಜ್ಜಾ, ಉಣ್ಣಾಕ ಬಾ! ನಮ್ಮ ಮಿಸ್ಸಿನ ಅಪ್ಪನೂ ಬರಾಕತ್ತಾರ. ಸ್ವಲ್ಪ ಸರದು ಕುಂದ್ರು!"

ಬೂದೆಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು.

ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆರೆದಳು, ದೇವಿಕಾಳೇ. ಹೋಳಿಗೆ ಇದ್ದಲ್ಲೇ ಇತ್ತು, ಉಂಡೆ ಇದ್ದಷ್ಟೇ ಇದ್ದವು, ಚಹಾದ ಮೇಲೆ ಕೆನೆ ಕಟ್ಟಿತ್ತು. ನಾನು ಓದಿದವಳು, ಮೊದಲು ಅದನ್ನೇ ನೋಡಿದೆ. ಅವಳು ಒಂದು ಸಲ ಸುತ್ತ ಕಣ್ಣಾಡಿಸಿ, "ಉಂಡಾರ" ಎಂದಳು. "ಯಾರು?" ಎಂದೆ. "ಇಬ್ರೂ" ಎಂದಳು. ತಕ್ಷಣ ನಾಲಿಗೆ ಕಚ್ಚಿಕೊಂಡು, "ಯವ್ವಾ, ಬೀಡಿ ಇಟ್ಟೀವಿ, ಕಡ್ಡಿಪೆಟ್ಟಿಗಿ ಮರತೀವಿ!" ಎಂದು ಅಜ್ಜಿಯನ್ನು ಬೈದಳು. ಆ ಲೋಪವನ್ನು ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಬಂದಿರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಬಂದಿಲ್ಲ ಎಂದು ಹೇಳುವ ಧೈರ್ಯ ಮೊದಲು ಇತ್ತು, ಈಗ ಅದೂ ಇಲ್ಲ. ನಾಳೆ ಶಾಲೆ ಶುರು. ಅಮ್ಮ ಹೇಳಿದ ಫರಕು ಏನೆಂದು ಮಕ್ಕಳು ಕೇಳಿದರೆ ನನ್ನ ಬಳಿ ಪಟ್ಟಿಯಿಲ್ಲ. ಆದರೆ ಹಾಳೆಗಳನ್ನೆಲ್ಲ ತಂದಿಟ್ಟುಕೊಂಡಿದ್ದೇನೆ. ಆಕಾಶಬುಟ್ಟಿಗೂ ಕಾಕನಿಗೂ ಸರಿ ಗುರುತು ಹಾಕಬೇಕು. ಪಿ.ಟಿ. ಮಾಸ್ತರರ ವಿಚಾರ ಇನ್ನೂ ತೀರ್ಮಾನವಾಗಿಲ್ಲ.

ಕನಕಪ್ಪನವರೇ, ಕೊನೆಯದಾಗಿ ಒಂದು ಕೋರಿಕೆ. ಅವತ್ತು ನಿಮ್ಮ ಪಕ್ಕದಲ್ಲಿ ಕನ್ನಡಕದ ಒಬ್ಬ ಬಡಕಲು ಮಾಸ್ತರರು ಕೂತಿದ್ದರೆ, ಅವರೇ ನಮ್ಮಪ್ಪ. ಸಂಕೋಚದ ಮನುಷ್ಯ, ತಾವಾಗಿ ಕೇಳುವುದಿಲ್ಲ. ರವೆ ಉಂಡೆಯನ್ನು ಸ್ವಲ್ಪ ಅವರ ಕಡೆ ಸರಿಸಿ. ನಿಮ್ಮ ಬೀಡಿಯ ಹೊಗೆಗೆ ಮೂಗು ಮುಚ್ಚಿಕೊಂಡರೆ ಬೇಜಾರು ಮಾಡಿಕೊಳ್ಳಬೇಡಿ. ಬರುವ ವರ್ಷವೂ ನಾನು ನಿಮ್ಮ ಬಾಗಿಲಿಗೇ ಬಂದು ಕರೆಯುತ್ತೇನೆ ಎಂದು ಅವರಿಗೆ ಹೇಳಿಬಿಡಿ. ಬರುವುದು ಗೊತ್ತಾಗದಿದ್ದರೂ ಚಿಂತೆಯಿಲ್ಲ ಎನ್ನಿ. ಅವರು ಒಗಟು ಕೇಳುತ್ತಾರೆ, ಕೇಳದೆ ಬಿಡುವವರಲ್ಲ. ನಿಮಗೆ ತೋಚಿದ್ದನ್ನು ಹೇಳಿ, ಅಂಜಬೇಡಿ. ಅವರು ತಪ್ಪು ಎನ್ನುವುದಿಲ್ಲ.

ದೇವಿಕಾಳ ತಲೆಯ ಮೇಲೆ ನಿಮ್ಮ ಕೈಯಿರಲಿ. ಜಾಗ ಉಳಿದರೆ ನನ್ನ ತಲೆಯ ಮೇಲೂ ಇರಲಿ.

ನಿಮ್ಮ ಮೊಮ್ಮಗಳಿಂದ ತಿದ್ದಿಸಿಕೊಂಡ,
ವೇದಶ್ರೀ ಮಿಸ್